ನೇತ್ರಾಣಿಗೆ ಹೋಗ್ತೀರಾ? ಹವಳಕ್ಕೆ ಪೆಟ್ಟಾಗದಂತೆ ಕಡಲಿಗೆ ಇಳಿಯುವುದು ಹೇಗೆ

ಮುರುಡೇಶ್ವರದ ದಡದಲ್ಲಿ ನಿಂತು ಪಡುವಣ ದಿಕ್ಕಿಗೆ ನೋಡಿದರೆ, ಮೋಡ ಮುಸುಕಿಲ್ಲದ ದಿನ ದೂರದಲ್ಲಿ ಒಂದು ಗುಡ್ಡ ನೀರಿನಿಂದ ತಲೆ ಎತ್ತಿದ ಹಾಗೆ ಕಾಣುತ್ತದೆ. ಅದೇ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿಲೋಮೀಟರ್. ಮೇಲಿನಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ ಕಾಣುತ್ತದೆ ಅಂತ ಎಲ್ಲರೂ ಹಂಚಿಕೊಳ್ಳುತ್ತಾರೆ, ಆದರೆ ಅದರ ನಿಜವಾದ ಸಂಪತ್ತು ಇರುವುದು ನೀರಿನ ಕೆಳಗೆ. ಕರ್ನಾಟಕದಲ್ಲಿ ಹವಳ, ಗಿಳಿಮೀನು, ಚಿಟ್ಟೆಮೀನು, ಹಾವುಮೀನು ಎಲ್ಲವನ್ನೂ ಒಂದೇ ಮುಳುಗಿನಲ್ಲಿ ನೋಡಬೇಕೆಂದರೆ ಎಲ್ಲರೂ ಮೊದಲು ಹೇಳುವ ಹೆಸರು ಇದೇ. ಅದಕ್ಕೇ ರಜೆ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಪುಣೆಯಿಂದ ಜನ ಬಂದು ಸೇರುತ್ತಾರೆ. ಬರಲಿ, ನೋಡಲಿ. ನೋಡದ ಜಾಗದ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಆದರೆ ಹೇಗೆ ನೋಡಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಹವಳವನ್ನು ಕಲ್ಲು ಅಂದುಕೊಂಡವರೇ ಜಾಸ್ತಿ. ಅದು ಪ್ರಾಣಿ. ಸಾಸಿವೆ, ಕಡಲೆ ಗಾತ್ರದ ಸಾವಿರಾರು ಜೀವಗಳು ಒತ್ತೊತ್ತಾಗಿ ಕೂತು, ಕಡಲ ನೀರಿನಲ್ಲಿರುವ ಸುಣ್ಣದ ಅಂಶ ಹೀರಿ, ತಮ್ಮ ಅಡಿಗೆ ತಾವೇ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಆ ಪಾಚಿ ಬಿಸಿಲಿನಿಂದ ಊಟ ಮಾಡಿಕೊಂಡು ಹವಳಕ್ಕೂ ಕೊಡುತ್ತದೆ, ಹವಳದ ಬಣ್ಣವೂ ಹೆಚ್ಚಾಗಿ ಅದರಿಂದಲೇ. ಉಂಡೆಯ ಹಾಗೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಅಷ್ಟೇ. ಕೊಡದಷ್ಟು ದಪ್ಪಗಿರುವ ಒಂದು ಉಂಡೆ ಹವಳ ನೀವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಬೆಳೆಯಲು ಶುರು ಮಾಡಿರಬಹುದು. ಒಂದು ಒದೆತಕ್ಕೆ ಅದು ಮುರಿಯುತ್ತದೆ.

ನಾನು ನೋಡಿದ ಮಟ್ಟಿಗೆ, ಪ್ರವಾಸಿಗರ ಕೈಯಲ್ಲಿ ಹವಳ ಮುರಿಯುವುದಕ್ಕೆ ಕಾರಣ ಕೆಟ್ಟತನ ತೀರಾ ಕಡಿಮೆ, ಗಾಬರಿ ಜಾಸ್ತಿ. ಮಾಸ್ಕಿನೊಳಗೆ ನೀರು ಬರುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ, ಕಾಲು ತಾನಾಗಿಯೇ ನೆಲ ಹುಡುಕುತ್ತದೆ, ಆ ನೆಲ ಹವಳವಾಗಿರುತ್ತದೆ. ಹಾಗಾಗಿ ಹವಳ ಉಳಿಸುವ ಕೆಲಸದ ಬಹುಪಾಲು ನೀರಿಗೆ ಇಳಿಯುವ ಮುಂಚೆಯೇ ಮುಗಿದಿರಬೇಕು.

ಮೊದಲ ಹೆಜ್ಜೆ: ದುಡ್ಡು ಕೊಡುವ ಮುಂಚೆ ಪ್ರಶ್ನೆ ಕೇಳಿ

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಡಲು ಕೆಟ್ಟಿರುತ್ತದೆ, ಡೈವಿಂಗ್ ಇರುವುದಿಲ್ಲ. ಉಳಿದ ತಿಂಗಳಲ್ಲಿ ಮುರುಡೇಶ್ವರದಲ್ಲಿ ಕರೆದುಕೊಂಡು ಹೋಗುವವರು ಹಲವರಿದ್ದಾರೆ. ಫೋನ್ ಮಾಡಿದಾಗ ಎಲ್ಲರೂ ಕೇಳುವುದು ಎರಡೇ: ರೇಟ್ ಎಷ್ಟು, ಫೋಟೋ-ವಿಡಿಯೋ ಸೇರಿದೆಯಾ. ನೀವು ಇನ್ನೂ ನಾಲ್ಕು ಕೇಳಿ.

ದೋಣಿ ಅಲ್ಲಿ ನಿಲ್ಲುವುದು ಹೇಗೆ? ಲಂಗರು ಹಾಕುತ್ತೀರಾ, ಅಥವಾ ಮೊದಲೇ ಕಟ್ಟಿಟ್ಟ ಬೋಯಾಕ್ಕೆ, ಅಂದರೆ ನೀರಿನ ಮೇಲೆ ತೇಲುವ ಗುಂಡಿಗೆ, ಹಗ್ಗ ಕಟ್ಟುತ್ತೀರಾ? ಇದು ಎಲ್ಲಕ್ಕಿಂತ ಮುಖ್ಯ. ಕಬ್ಬಿಣದ ಲಂಗರು ಹವಳದ ಮೇಲೆ ಬಿದ್ದು, ಗಾಳಿಗೆ ದೋಣಿ ತಿರುಗಿದ ಹಾಗೆಲ್ಲಾ ಸರಪಳಿ ನೆಲ ಸವರುತ್ತಾ ಹೋದರೆ, ಒಂದು ಬೆಳಗಿನಲ್ಲಿ ಆಗುವ ಹಾನಿ ನೂರು ಜನ ಈಜುಗಾರರು ಮಾಡುವುದಕ್ಕಿಂತ ಜಾಸ್ತಿ. ಬೋಯಾ ಇಲ್ಲದಿದ್ದರೆ ಮರಳಿರುವ ಜಾಗ ನೋಡಿ ಲಂಗರು ಬಿಡಬಹುದು, ಅನುಭವ ಇರುವವರಿಗೆ ಆ ಜಾಗ ಗೊತ್ತಿರುತ್ತದೆ.

ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಈಜು ಬಾರದವರನ್ನು ಒಬ್ಬೊಬ್ಬರನ್ನಾಗಿ ಹಿಡಿದುಕೊಂಡೇ ಕರೆದುಕೊಂಡು ಹೋಗಬೇಕು. ನೀರಿಗಿಳಿಯುವ ಮುಂಚೆ ಆಳವಿಲ್ಲದ ಜಾಗದಲ್ಲಿ ಅಭ್ಯಾಸ ಮಾಡಿಸುತ್ತೀರಾ? ಕಸ ವಾಪಸ್ ತರುತ್ತೀರಾ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ ಒಳ್ಳೆಯ ಜನ ಅಂತ ತಿಳಿಯಿರಿ. "ಅದೆಲ್ಲಾ ಯಾಕೆ ಸಾರ್, ಬನ್ನಿ ನೋಡ್ಕೊಳ್ತೀವಿ" ಅಂದರೆ ಬೇರೆಯವರಿಗೆ ಫೋನ್ ಮಾಡಿ. ಹತ್ತು ಗಿರಾಕಿಗಳು ಲಂಗರಿನ ಬಗ್ಗೆ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಬೋಯಾ ಬಂದಿರುತ್ತದೆ ಅನ್ನುವುದು ನನ್ನ ನಂಬಿಕೆ.

ದ್ವೀಪದ ಮೇಲೆ ಇಳಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ, ನಿಮ್ಮ ಜೀವಕ್ಕೇ ಅಪಾಯ. ಮೇಲಾಗಿ ಅಲ್ಲಿನ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ, ಜನರ ಗದ್ದಲ ಅವಕ್ಕೆ ಆಗಿಬರುವುದಿಲ್ಲ.

ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಉದ್ದ ತೋಳಿನ, ಮೈಗೆ ಅಂಟುವ ಈಜುಡುಗೆ. ಇದೊಂದಿದ್ದರೆ ಸನ್‌ಸ್ಕ್ರೀನ್ ಹಚ್ಚುವ ಜಾಗ ಮುಖ, ಕತ್ತು, ಕೈಬೆರಳಿಗೆ ಇಳಿಯುತ್ತದೆ. ಸನ್‌ಸ್ಕ್ರೀನ್ ಟ್ಯೂಬಿನ ಹಿಂದೆ ಬರೆದಿರುವುದನ್ನು ಓದಿ, ಆಕ್ಸಿಬೆಂಜೋನ್ ಅಥವಾ ಆಕ್ಟಿನಾಕ್ಸೇಟ್ ಇದ್ದರೆ ಮನೆಯಲ್ಲೇ ಬಿಡಿ. ಇವೆರಡೂ ಹವಳಕ್ಕೆ ಒಳ್ಳೆಯದಲ್ಲ ಅಂತ ಹವಾಯಿ 2021ರ ಜನವರಿಯಿಂದ ಇವು ಇರುವ ಸನ್‌ಸ್ಕ್ರೀನ್ ಮಾರಾಟವನ್ನೇ ನಿಲ್ಲಿಸಿದೆ, ಪಲಾವು ಅನ್ನುವ ಪುಟ್ಟ ದ್ವೀಪದೇಶ ಅದಕ್ಕೂ ಒಂದು ವರ್ಷ ಮುಂಚೆಯೇ ನಿಲ್ಲಿಸಿತು. ಝಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಬಹುದು, ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಪರವಾಗಿಲ್ಲ. ಆದರೆ ಕ್ರೀಮು ಬದಲಿಸಿದ ಮಾತ್ರಕ್ಕೆ ಹವಳ ಉಳಿಯಿತು ಅಂದುಕೊಳ್ಳಬೇಡಿ, ಅದಕ್ಕಿಂತ ದೊಡ್ಡ ಕಂಟಕ ಬೇರೆ ಇದೆ, ಆಮೇಲೆ ಹೇಳುತ್ತೇನೆ.

ಸ್ಟೀಲ್ ಬಾಟಲಿಯಲ್ಲಿ ನೀರು. ಒಂದು ಬಟ್ಟೆ ಚೀಲ. ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ, ಎರಡು ಇಡ್ಲಿ ಸಾಕು. ಅಷ್ಟು ದೂರದ ದೋಣಿ ಪ್ರಯಾಣದಲ್ಲಿ ವಾಂತಿ ಮಾಡಿಕೊಳ್ಳುವವರು ತುಂಬಾ ಜನ. ವಾಂತಿ ಬಂದರೆ ನೇರ ನೀರಿಗೇ ಮಾಡಿ, ಮೀನು ತಿಂದುಕೊಳ್ಳುತ್ತವೆ. ಕೆಲವರು ಪ್ಲಾಸ್ಟಿಕ್ ಕವರಿನಲ್ಲಿ ವಾಂತಿ ಮಾಡಿಕೊಂಡು, ಗಂಟು ಕಟ್ಟಿ ಕಡಲಿಗೆ ಎಸೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ನೀರಿನಲ್ಲಿ ತೇಲುವ ಕವರು ಕಡಲಾಮೆಯ ಕಣ್ಣಿಗೆ ಅಂಬಲಿಮೀನಿನ (ಜೆಲ್ಲಿಫಿಶ್) ಹಾಗೆ ಕಾಣುತ್ತದೆ. ಅಂಬಲಿಮೀನು ಅದರ ಊಟ.

ನೀರಿಗೆ ಇಳಿಯುವ ಮುಂಚೆ: ಮಾಸ್ಕ್, ಉಸಿರು, ಕೈಸನ್ನೆ

ನಿಮ್ಮ ಊರಿನಲ್ಲಿ ಈಜುಕೊಳ ಇದ್ದರೆ ಹೋಗುವುದಕ್ಕೆ ಎರಡು ವಾರ ಮುಂಚೆ ನಾಲ್ಕು ದಿನವಾದರೂ ಹೋಗಿ. ಈಜು ಬಾರದಿದ್ದರೂ ಸರಿ. ಮಾಸ್ಕ್ ಹಾಕಿಕೊಂಡು ಮುಖ ನೀರೊಳಗಿಟ್ಟು ಬಾಯಿಯಿಂದ ಉಸಿರಾಡುವುದನ್ನು ಕಲಿಯಿರಿ. ಮಾಸ್ಕಿನೊಳಗೆ ಬೇಕಂತಲೇ ಸ್ವಲ್ಪ ನೀರು ಬಿಟ್ಟುಕೊಂಡು, ಮೇಲಿನ ಅಂಚನ್ನು ಹಣೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಜೋರಾಗಿ ಗಾಳಿ ಬಿಡಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದನ್ನು ಹತ್ತು ಸಲ ಮಾಡಿದವರಿಗೆ ಕಡಲಿನಲ್ಲಿ ಮಾಸ್ಕಿಗೆ ನೀರು ಬಂದರೆ ಭಯವಾಗುವುದಿಲ್ಲ. ಭಯವಾಗದವರ ಕಾಲು ಹವಳದ ಮೇಲೆ ಬೀಳುವುದಿಲ್ಲ.

ಕೈಸನ್ನೆ ಸರಿಯಾಗಿ ಕೇಳಿಸಿಕೊಳ್ಳಿ. ನೀರೊಳಗೆ ಹೆಬ್ಬೆರಳು ಮೇಲೆ ಮಾಡಿದರೆ "ಚೆನ್ನಾಗಿದೆ" ಅಂತ ಅರ್ಥವಲ್ಲ, "ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ" ಅಂತ ಅರ್ಥ. ಚೆನ್ನಾಗಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಈ ಗೊಂದಲದಿಂದಲೇ ಎಷ್ಟೋ ಜನ ಎರಡು ನಿಮಿಷಕ್ಕೆ ಮೇಲೆ ಬಂದು, ಮತ್ತೆ ಇಳಿಯುವ ಅವಸರದಲ್ಲಿ ಕೈಕಾಲು ಬಡಿಯುತ್ತಾರೆ.

ನೀರಿನ ಕೆಳಗೆ

ಮೊದಲ ಎರಡು ನಿಮಿಷ ಏನನ್ನೂ ನೋಡಲು ಹೋಗಬೇಡಿ. ಸುಮ್ನೆ ಉಸಿರಾಡಿ. ನಿಧಾನಕ್ಕೆ, ಉದ್ದಕ್ಕೆ. ಉಸಿರು ಹದಕ್ಕೆ ಬಂದ ಮೇಲೆ ಮೈ ತಾನಾಗಿಯೇ ಸಡಿಲವಾಗುತ್ತದೆ, ಆಗ ಕಣ್ಣು ಬಿಟ್ಟು ನೋಡಿದರೆ ಕಾಣುವುದೇ ಬೇರೆ.

ಕೈಗಳನ್ನು ಎದೆಯ ಮುಂದೆ ಕಟ್ಟಿಕೊಳ್ಳಿ. ದೇವಸ್ಥಾನದಲ್ಲಿ ಕೈ ಕಟ್ಟಿ ನಿಂತ ಹಾಗೆ. ಕೈ ಖಾಲಿ ಇದ್ದರೆ ಏನಾದರೂ ಹಿಡಿಯಬೇಕು ಅನಿಸುತ್ತದೆ. ಹವಳದ ಮೈಮೇಲೆ ತೆಳುವಾದ ಲೋಳೆಯ ಹೊದಿಕೆ ಇರುತ್ತದೆ, ರೋಗ ತಗುಲದಂತೆ ಅದನ್ನು ಕಾಯುವುದೇ ಆ ಲೋಳೆ. ಬೆರಳಿನಿಂದ ಸವರಿದರೂ ಅದು ಕಿತ್ತುಬರುತ್ತದೆ. ನಿಮಗೂ ಒಳ್ಳೆಯದಲ್ಲ, ಹವಳ ತಾಗಿದ ಗಾಯ ಬೇಗ ಮಾಯುವುದಿಲ್ಲ, ಬಂಡೆಯ ಸಂದಿಯಲ್ಲಿ ಮುಳ್ಳಿನಲ್ಲಿ ವಿಷ ಇರುವ ಸಿಂಹಮೀನು ಕೂತಿರಬಹುದು.

ಕಾಲು ಯಾವಾಗಲೂ ನೆಲಕ್ಕಿಂತ ಮೇಲಿರಲಿ. ಕಾಲಿಗೆ ಫಿನ್ಸ್, ಅಂದರೆ ಈಜುವ ರಬ್ಬರ್ ರೆಕ್ಕೆ ಕಟ್ಟಿದಾಗ ನಿಮ್ಮ ಕಾಲು ಒಂದೂವರೆ ಅಡಿ ಉದ್ದವಾಗಿದೆ ಅನ್ನುವುದೇ ಮರೆತುಹೋಗುತ್ತದೆ. ಮುಂದಿರುವ ಮೀನನ್ನು ನೋಡುತ್ತಾ ಹಿಂದೆ ಹವಳ ಮುರಿಯುತ್ತಿರುತ್ತೀರಿ, ಗೊತ್ತೇ ಆಗುವುದಿಲ್ಲ. ಮಂಡಿಯಿಂದ ಸೈಕಲ್ ತುಳಿದ ಹಾಗೆ ಒದೆಯಬೇಡಿ, ಸೊಂಟದಿಂದ ನಿಧಾನಕ್ಕೆ ಆಡಿಸಿ. ಮರಳಿನ ಹತ್ತಿರ ಜೋರಾಗಿ ಒದ್ದರೆ ಏಳುವ ಧೂಳು ಹವಳದ ಮೇಲೆ ಕೂರುತ್ತದೆ, ಅದನ್ನು ಕೊಡವಿಕೊಳ್ಳುವುದಕ್ಕೇ ಅದರ ಶಕ್ತಿ ಖರ್ಚಾಗುತ್ತದೆ.

ಇನ್ನು ಫೋಟೋ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ. ಒಂದು ಸಲ ನಾನು ಹೋದ ದೋಣಿಯಲ್ಲಿ, ಪ್ರತಿಯೊಬ್ಬರನ್ನೂ ಒಂದೇ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ಅದನ್ನು ಹಿಡಿಸಿ, ಮಂಡಿಯೂರಿಸಿ ವಿಡಿಯೋ ತೆಗೆಯುತ್ತಿದ್ದರು. ಬಂಡೆಯ ಆ ಭಾಗ ಬೋಳಾಗಿತ್ತು. ಎರಡು ಮಾರು ಆಚೆಗೆ ಅದೇ ಬಂಡೆಯ ಮೇಲೆ ಹವಳ ಚೆನ್ನಾಗಿತ್ತು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಬಂದವರೆಲ್ಲಾ ಅದೇ ಫೋಟೋ ಕೇಳುತ್ತಾರೆ. ಹಾಗಾಗಿ ದೋಣಿಯಲ್ಲೇ ಹೇಳಿಬಿಡಿ: "ನನ್ನ ವಿಡಿಯೋ ತೇಲುತ್ತಾ ಇರುವಾಗಲೇ ತೆಗೆಯಿರಿ, ಏನನ್ನೂ ಹಿಡಿಸಬೇಡಿ." ಅಂಥ ವಿಡಿಯೋ ನೋಡೋದಕ್ಕೂ ಚೆನ್ನಾಗಿರುತ್ತದೆ.

ಬಿಸ್ಕತ್ತು, ಬ್ರೆಡ್ಡು ಹಾಕಿ ಮೀನು ಕರೆಯುತ್ತೇವೆ ಅಂದರೆ ಬೇಡ ಅನ್ನಿ. ಗಿಳಿಮೀನಿನ ಕೆಲಸ ಪಾಚಿ ಕೆರೆದು ತಿನ್ನುವುದು. ಅದು ತಿನ್ನದಿದ್ದರೆ ಪಾಚಿ ಬೆಳೆದು ಹವಳವನ್ನು ಮುಚ್ಚಿಹಾಕುತ್ತದೆ. ಹವಳದ ಕಲ್ಲನ್ನೂ ಕಡಿದು ನುಂಗಿ ಮರಳು ಮಾಡಿ ಹೊರಹಾಕುತ್ತದೆ, ದೊಡ್ಡ ಜಾತಿಯ ಗಿಳಿಮೀನು ಒಂದೇ ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಲಕ್ಷದ್ವೀಪದ ಬೆಳ್ಳನೆಯ ದಡದ ಮರಳಿನಲ್ಲಿ ಅದರ ಪಾಲೂ ಇದೆ. ಇಂಥ ಕೆಲಸಗಾರನಿಗೆ ಬಿಸ್ಕತ್ತಿನ ರುಚಿ ಹತ್ತಿಸುವುದು ಸರಿಯಲ್ಲ, ಅಲ್ವಾ?

ಕಡಲಾಮೆ ಕಂಡರೆ ನಿಂತಲ್ಲೇ ನಿಂತು ನೋಡಿ, ಬೆನ್ನು ಹತ್ತಬೇಡಿ. ಅದು ಉಸಿರಾಡಲು ಮೇಲೆ ಹೋಗಬೇಕು. ದಾರಿಗೆ ಅಡ್ಡ ಇರಬೇಡಿ.

ಹರಿದ ಬಲೆ ಸಿಕ್ಕರೆ

ಬಂಡೆಗೆ ಸುತ್ತಿಕೊಂಡ ಹಳೆಯ ನೈಲಾನ್ ಬಲೆ, ಗಾಳದ ದಾರ ಕಾಣಿಸಬಹುದು. ಮೀನುಗಾರರು ಬೇಕಂತ ಬಿಟ್ಟಿದ್ದಲ್ಲ, ಬಲೆ ಕಳೆದುಕೊಂಡರೆ ಮೊದಲ ನಷ್ಟ ಅವರಿಗೇ. ಆದರೆ ನೈಲಾನ್ ಕೊಳೆಯುವುದಿಲ್ಲ, ಯಾರೂ ಎಳೆಯದಿದ್ದರೂ ಆ ಬಲೆ ವರ್ಷಗಟ್ಟಲೆ ಮೀನು, ಏಡಿ, ಆಮೆ ಹಿಡಿಯುತ್ತಲೇ ಇರುತ್ತದೆ. ಕಂಡ ಕೂಡಲೇ ಎಳೆಯಲು ಹೋಗಬೇಡಿ. ಎಳೆದರೆ ಹವಳ ಬಲೆಯ ಜೊತೆಗೇ ಕಿತ್ತುಬರುತ್ತದೆ, ನೀವೂ ಸಿಕ್ಕಿಕೊಳ್ಳಬಹುದು. ಇನ್‌ಸ್ಟ್ರಕ್ಟರ್‌ಗೆ ತೋರಿಸಿ, ಮೇಲೆ ಬಂದ ಮೇಲೆ ಜಾಗ ಹೇಳಿ. ತರಬೇತಿ ಇದ್ದವರು ಕತ್ತರಿ ತಂದು ತುಂಡು ತುಂಡಾಗಿ ಬಿಡಿಸಬೇಕು.

ಮೀನುಗಾರರನ್ನು ಬೈದು ಕಡಲು ಉಳಿಸಲು ಆಗುವುದಿಲ್ಲ. ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನು ರಕ್ಷಣೆ ಬಂತು, ಆದರೆ ಜನರ ಮನಸ್ಸು ತಿರುಗಿದ್ದು 2004ರಲ್ಲಿ ಶುರುವಾದ ಅಭಿಯಾನದಿಂದ. ಆ ಮೀನಿಗೆ 'ವ್ಹಾಲಿ', ಅಂದರೆ ಮುದ್ದಿನವಳು ಅಂತ ಹೆಸರಿಟ್ಟು, ತವರಿಗೆ ಹೆರಿಗೆಗೆ ಬಂದ ಮಗಳು ಅಂತ ಊರೂರಿಗೆ ಹೇಳಿದರು. ಬಲೆ ಕತ್ತರಿಸಿ ಬಿಟ್ಟವರಿಗೆ ಬಲೆಯ ಪರಿಹಾರವನ್ನೂ ಕೊಟ್ಟರು. ಅಲ್ಲಿಂದೀಚೆಗೆ ನೂರಾರು ಶಾರ್ಕುಗಳನ್ನು ಮೀನುಗಾರರೇ ಬಿಡಿಸಿ ಕಳಿಸಿದ್ದಾರೆ. ನಮ್ಮ ಕರಾವಳಿಯಲ್ಲೂ ಮಾತು ಹೀಗೆಯೇ ಶುರುವಾಗಬೇಕು.

ದಡಕ್ಕೆ ಬಂದ ಮೇಲೆ: ಅಂಗಡಿಯಲ್ಲಿ

ಚಿಪ್ಪಿನ ಅಂಗಡಿ ಮುಂದೆ ನಿಂತಾಗ ಕೈ ತಡೆಯಿರಿ. ದಿಬ್ಬ ಕಟ್ಟುವ ಗಟ್ಟಿ ಹವಳ, ಕಡಲ ಬೀಸಣಿಗೆ (ಬೀಸಣಿಗೆಯ ಹಾಗೆ ಹರಡುವ ಹವಳ), ಕಡಲ ಕುದುರೆ, ಕೆಲವು ಜಾತಿಯ ದೊಡ್ಡ ಶಂಖಗಳು, ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಮಾರುವುದು ಮಾತ್ರ ಅಪರಾಧವಲ್ಲ, ಕೊಂಡು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಇಲ್ಲಿ 'ಇಂದ್ರಜಾಲ'ದ ಬಗ್ಗೆ ಹೇಳಲೇಬೇಕು. ಕಪ್ಪಗೆ, ಬೀಸಣಿಗೆಯ ಹಾಗೆ ಹರಡಿಕೊಂಡ ಒಣ ಗಿಡ. ಮನೆಗೆ ದೃಷ್ಟಿ ತಾಗುವುದಿಲ್ಲ, ವಾಸ್ತು ಸರಿಹೋಗುತ್ತದೆ ಅಂತ ಹೇಳಿ ಕಟ್ಟು ಹಾಕಿಸಿ ಮಾರುತ್ತಾರೆ. ಕಾಡಿನ ಅಪರೂಪದ ಬೇರು ಅಂತ ನಂಬಿ ಕೊಂಡವರು ನನ್ನ ನೆಂಟರಲ್ಲೇ ಇದ್ದಾರೆ. ಅದು ಗಿಡವೇ ಅಲ್ಲ. ಕಡಲಿನಿಂದ ಕಿತ್ತು ಒಣಗಿಸಿದ ಕಪ್ಪು ಹವಳ ಅಥವಾ ಕಡಲ ಬೀಸಣಿಗೆ, ಅಂದರೆ ಒಂದು ಪ್ರಾಣಿ ಸಮೂಹದ ಅಸ್ಥಿಪಂಜರ. ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಆನ್‌ಲೈನ್‌ನಲ್ಲಿ ಕಂಡರೆ ಕೊಳ್ಳಬೇಡಿ. ಹಿರಿಯರು ಕೊಳ್ಳಲು ಹೊರಟಿದ್ದರೆ ಅವರ ನಂಬಿಕೆಯನ್ನು ಹಂಗಿಸದೆ, ಇದು ಕಡಲಿನ ಜೀವ ಅಂತ ಸಮಾಧಾನವಾಗಿ ಹೇಳಿ. ನಮ್ಮ ಅತ್ತೆಗೆ ನಾನು ಹಾಗೇ ಹೇಳಿದೆ, ಅವರಿಗೆ ಅರ್ಥವಾಯಿತು.

ಕರಿಮಣಿ ಸರದ ಕೆಂಪು ಹವಳ, ಮಂಗಳ ಗ್ರಹಕ್ಕೆ ಅಂತ ಹಾಕುವ ಉಂಗುರದ ಹವಳ ಬೇರೆ ಜಾತಿ. ಹೆಸರಾದ ಕೆಂಪು ಹವಳ ಮೆಡಿಟರೇನಿಯನ್ ಕಡಲಿನದು, ಅದು ಬೆಳೆಯುವುದು ಇನ್ನೂ ನಿಧಾನ. ಅಜ್ಜಿಯ ಸರ ಇದ್ದರೆ ಅದನ್ನೇ ಪೋಣಿಸಿಕೊಳ್ಳಿ, ಹೊಸದು ಬೇಡ.

ಊಟದ ತಟ್ಟೆ

ಮೀನು ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಕರಾವಳಿಯ ಬದುಕೇ ಅದು. ಬಂಗುಡೆ, ಬೂತಾಯಿ (ಸಾರ್ಡೀನ್) ಬೇಗ ಬೆಳೆದು ಬೇಗ ಮರಿ ಮಾಡುವ ಮೀನು, ಅವನ್ನು ತಿನ್ನಿ. ಬೆರಳುದ್ದದ ಮರಿ ಬಂಗುಡೆಯ ರಾಶಿ ಕಂಡರೆ ಕೊಳ್ಳಬೇಡಿ, ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಚಿಕ್ಕ ಬಂಗುಡೆ, 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ, ಆ ಅಳತೆಯನ್ನು ನಾವೂ ನೆನಪಿಟ್ಟುಕೊಳ್ಳಬಹುದು. ಗಿಳಿಮೀನು, ತಾಟೆ (ಶಾರ್ಕ್), ತೊರಕೆ (ರೇ ಮೀನು) ಬೇಡ. ತಾಟೆ, ತೊರಕೆ ಮರಿ ಹಾಕುವುದು ಕಡಿಮೆ, ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಆ 61 ದಿನ ದೊಡ್ಡ ಮೀನಿಗೆ ಹಟ ಮಾಡಬೇಡಿ.

ಕಡಲಿಗೆ ಹೋಗದವರು ಮಾಡಬೇಕಾದದ್ದು

ಆಮೇಲೆ ಹೇಳುತ್ತೇನೆ ಅಂದೆನಲ್ಲಾ, ಆ ದೊಡ್ಡ ಕಂಟಕ ಬಿಸಿ. ಬೇಸಿಗೆಯಲ್ಲಿ ಕಡಲ ನೀರು ವಾಡಿಕೆಗಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕುತ್ತದೆ. ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ನಡುವಿನ ವರ್ಷ ಎಣಿಸಿ ನೋಡಿ, ಹತ್ತಿಪ್ಪತ್ತು ವರ್ಷ ಬೇಕಾದ ಗಾಯಕ್ಕೆ ಅಷ್ಟು ಸಮಯ ಸಿಗುತ್ತಿಲ್ಲ.

ಇದಕ್ಕೆ ಒಬ್ಬರೇ ಮದ್ದು ಕೊಡಲಾಗುವುದಿಲ್ಲ. ಬಸ್ಸು, ರೈಲಿನಲ್ಲಿ ಹೋಗಿ, ಕೊಂಕಣ ರೈಲ್ವೆಯ ಸ್ಟೇಷನ್ ಮುರುಡೇಶ್ವರದಲ್ಲೇ ಇದೆ. ಓಟು ಕೇಳಲು ಬಂದವರಿಗೆ ಕಡಲ ಬಗ್ಗೆ, ಕಲ್ಲಿದ್ದಲ ಬಗ್ಗೆ ಪ್ರಶ್ನೆ ಹಾಕಿ. ಬಿಸಿ ಏರುತ್ತಿರುವಾಗ ಉಳಿದ ಪೆಟ್ಟುಗಳನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ಜ್ವರ ಬಂದವನಿಗೆ ಹೊಡೆತವೂ ಬಿದ್ದರೆ ಏಳುವುದು ಕಷ್ಟ.

ಒಳನಾಡಿನವರ ಕಸವೂ ಕಡಲಿಗೇ ಸೇರುತ್ತದೆ. ಬೆಂಗಳೂರಿನ ಎಷ್ಟೋ ಮೋರಿಗಳಿಗೆ ಬಿದ್ದದ್ದು ವೃಷಭಾವತಿ, ಅರ್ಕಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ತಪ್ಪು ಕಂಡರೆ ಯಾರಿಗೆ ಹೇಳುವುದು

ಜಗಳ ಬೇಡ. ದೋಣಿಯ ಬದಿಯಲ್ಲಿ ಬರೆದ ನಂಬರು, ದಿನ, ಹೊತ್ತು ಬರೆದುಕೊಳ್ಳಿ, ಸಾಧ್ಯವಾದರೆ ಒಂದು ಫೋಟೋ ತೆಗೆಯಿರಿ. ಹವಳ ಕಿತ್ತು ತಂದದ್ದು, ಆಮೆ ಮೊಟ್ಟೆ ಕದ್ದದ್ದು, ಇಂದ್ರಜಾಲ ಮಾರುವುದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಕಡಲಿನಲ್ಲಿ ಜನರ ಜೀವಕ್ಕೆ ಅಪಾಯವಾದರೆ ಕರಾವಳಿ ರಕ್ಷಣಾ ಪಡೆಯ 1554.

ಚಳಿಗಾಲದ ರಾತ್ರಿ ಹೊನ್ನಾವರ, ಕುಂದಾಪುರದ ದಡದಲ್ಲಿ ನಡೆಯುವಾಗ ಮೊಟ್ಟೆಯಿಡಲು ಬಂದ ಕಡಲಾಮೆ ಎದುರಾದರೆ ಟಾರ್ಚ್, ಫೋನಿನ ಬೆಳಕು ಆರಿಸಿ, ಅದರ ಹಿಂದೆ ದೂರದಲ್ಲಿ ಸದ್ದಿಲ್ಲದೆ ಕೂತುಕೊಳ್ಳಿ. ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಅದು ನೀರಿಗೆ ಮರಳಲು ಸುಮಾರು ಒಂದು ಗಂಟೆ ಬೇಕು. ಅದು ಹೋದ ಮೇಲೆ ಜಾಗದ ಗುರುತು ಇಟ್ಟುಕೊಂಡು 1926ಕ್ಕೆ ಫೋನ್ ಮಾಡಿ. ಇಲಾಖೆಯವರು ಬಂದು ಬೇಲಿ ಹಾಕುತ್ತಾರೆ, 45ರಿಂದ 60 ದಿನದಲ್ಲಿ ಮರಿಗಳು ಹೊರಬರುತ್ತವೆ.